ಮಲ್ಲಿತಮ್ಮ ಎಂಬ ರೂವಾರಿ

ಮ್ಯಾಚ್ ಗೆದ್ದ ಮಾರನೇ ದಿನ ಪೇಪರ್‌ನಲ್ಲಿ "ಗೆಲುವಿನ ರೂವಾರಿ" ಅಂತ ಬರುತ್ತಲ್ಲ, ಆ ಪದದ ಅರ್ಥ ನನಗೆ ಸೆಕೆಂಡ್ ಇಯರ್‌ವರೆಗೂ ಗೊತ್ತಿರಲಿಲ್ಲ. ಕ್ಯಾಪ್ಟನ್ ಇರಬೇಕು ಅಂದುಕೊಂಡಿದ್ದೆ. ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಪಾಸ್ ಆಗೋಕೆ ಮಾತ್ರ. ಹೋದ ಸೆಮಿಸ್ಟರ್‌ನಲ್ಲಿ ನಾವು ಒಂದಷ್ಟು ಜನ ಯಲಹಂಕದಿಂದ ಬೆಳಗಿನ ಜಾವ ಹೊರಟು ಸೋಮನಾಥಪುರಕ್ಕೆ ಹೋದಾಗ ಗೊತ್ತಾಯ್ತು. ರೂವಾರಿ ಅಂದ್ರೆ ಶಿಲ್ಪಿ.

ಅಲ್ಲಿನ ಕೇಶವ ದೇವಸ್ಥಾನವನ್ನು 1258ರಲ್ಲಿ ಕಟ್ಟಿಸಿದ್ದು ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೋ ಪಟ್ಟಿಗೆ ಸೇರಿತು. ನಾವೆಲ್ಲ ಗೋಡೆಯ ಮೂರ್ತಿಗಳ ಮುಖ ನೋಡ್ತಾ ಇದ್ವಿ. ಗೈಡ್ ಮಾತ್ರ "ಕೆಳಗೆ ನೋಡಿ" ಅಂದರು. ಪೀಠದ ಮೇಲೆ ಪುಟ್ಟ ಅಕ್ಷರ. ಮಾಡಿದವನ ಸಹಿ!

ಆ ಸಹಿಗಳಲ್ಲಿ ಹೆಚ್ಚು ಕಾಣೋ ಹೆಸರು ಮಲ್ಲಿತಮ್ಮ. ಕೆಲವು ಕಡೆ ಬರೀ "ಮಲ್ಲಿ", ಕೆಲವು ಕಡೆ ಒಂದೇ ಅಕ್ಷರ "ಮ". ಇಲ್ಲಿ ಅವನ ಸಹಿ ಇರೋ ಮೂರ್ತಿಗಳೇ ನಲವತ್ತರಷ್ಟಿವೆ. ಅವನ ಹೆಸರು ಮೊದಲು ಸಿಗೋದು ತರೀಕೆರೆ ಹತ್ತಿರದ ಅಮೃತಾಪುರದಲ್ಲಿ, 1196ರ ದೇವಸ್ಥಾನದಲ್ಲಿ. ಆಮೇಲೆ ಹಾರನಹಳ್ಳಿ, 1246ರ ನುಗ್ಗೇಹಳ್ಳಿ, ಕೊನೆಗೆ ಸೋಮನಾಥಪುರ. ಲೆಕ್ಕ ಹಾಕಿ, ಅರವತ್ತಕ್ಕೂ ಹೆಚ್ಚು ವರ್ಷದ ಕೆಲಸ. ನುಗ್ಗೇಹಳ್ಳಿಯಲ್ಲಿ ಬೈಚೋಜ ಅನ್ನೋ ಇನ್ನೊಬ್ಬ ಶಿಲ್ಪಿ ಜೊತೆಗಿದ್ದ. ಒಂದು ಬದಿ ಇವನದು, ಇನ್ನೊಂದು ಬದಿ ಅವನದು.

ಇಷ್ಟು ಸಣ್ಣ ಕೆತ್ತನೆ ಹೇಗೆ ಸಾಧ್ಯ ಆಯ್ತು? ಉತ್ತರ ಮೆಟೀರಿಯಲ್‌ನಲ್ಲಿದೆ. ನಮ್ಮ ಹೆಬ್ಬಾಳ, ಯಲಹಂಕದ ಕಡೆ ನೆಲ ಅಗೆದರೆ ಸಿಗೋದು ನೈಸ್, ಗ್ರಾನೈಟ್ ಜಾತಿಯ ಕಲ್ಲು. ವಿಧಾನಸೌಧ ಕಟ್ಟಿದ್ದೂ ಬೆಂಗಳೂರು ಸುತ್ತಲಿನ ಗ್ರಾನೈಟ್‌ನಲ್ಲೇ. ಅದರೊಳಗಿನ ಕ್ವಾರ್ಟ್ಸ್‌ನ ಗಡಸುತನ ಮೋಸ್ ಸ್ಕೇಲ್‌ನಲ್ಲಿ 7. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಅದರಲ್ಲಿರೋ ಟಾಲ್ಕ್ ಅದೇ ಸ್ಕೇಲ್‌ನಲ್ಲಿ 1, ಅಂದ್ರೆ ಉಗುರಲ್ಲಿ ಗೀಚಿದರೂ ಗೆರೆ ಬೀಳುತ್ತೆ. ಕ್ಲೋರೈಟ್ ಸೇರಿರೋದರಿಂದ ಕಲ್ಲು ಸ್ವಲ್ಪ ಗಟ್ಟಿ, ಆದರೂ ಉಳಿಗೆ ಬಗ್ಗುತ್ತೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತೆ ಅಂತಾರೆ. ಇದು ಕಾಳುಗಳು ಬಿಡಿಬಿಡಿಯಾಗಿ ಉದುರೋ ಕಲ್ಲಲ್ಲ. ಅದಕ್ಕೇ ಬೆರಳಿನ ಉಂಗುರ, ಸರದ ಮಣಿ ಎಲ್ಲ ಬಿಡಿಸಿ ಕೆತ್ತಬಹುದು. ಮೆಕ್ಯಾನಿಕಲ್‌ನವರು ಗಮನಿಸಿ: ಒಳಗಿನ ದುಂಡು ಕಂಬಗಳನ್ನು ಲೇತ್ ಥರ ತಿರುಗಿಸಿ ಕಡೆದಿದ್ದಾರೆ. ನಮ್ಮ ವರ್ಕ್‌ಶಾಪ್‌ನ ಟರ್ನಿಂಗ್ ಜಾಬ್‌ನ ಅಜ್ಜ!

ಬಳಪದ ಕಲ್ಲು ಅಂದ್ರೆ ಅದೇ ಬಳಪ. ನಮ್ಮಜ್ಜಿ ಸ್ಲೇಟಿನ ಮೇಲೆ ಅಆಇಈ ತಿದ್ದಿದ್ದು ಅದರಲ್ಲಿ. ನಾನು ಬಳಪ ಹಿಡಿದೇ ಇಲ್ಲ.

ಹೊಯ್ಸಳ ಶಿಲ್ಪಿಗಳು ಯಾಕೆ ಸಹಿ ಹಾಕ್ತಿದ್ದರು? ಕೂಲಿ ಲೆಕ್ಕಕ್ಕೂ ಇರಬಹುದು, ಹೆಮ್ಮೆಗೂ ಇರಬಹುದು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಮಸಣಿತಮ್ಮ, ಚೌಡೆಯ, ಬಾಲೆಯ ಅಂತ ಬೇರೆ ಹೆಸರುಗಳೂ ಅದೇ ಗೋಡೆಯಲ್ಲಿವೆ. ಯಾರು ಮಾಡಿದ್ದೋ ಅದರ ಕೆಳಗೆ ಅವರ ಹೆಸರು. ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ನಾಲ್ಕು ಹೆಸರಿತ್ತು, ರಾತ್ರಿ ಕೂತು ಕೋಡ್ ಬರೆದವನು ಒಬ್ಬನೇ. ಅವನು ನಾನಲ್ಲ. ಆ ಪೀಠದ ಮುಂದೆ ನಿಂತಾಗ ನೆನಪಾಗಿದ್ದು ಅದೇ, ಸ್ವಲ್ಪ ನಾಚಿಕೆನೂ ಆಯ್ತು.

ಹಳೆಗನ್ನಡ ಲಿಪಿ ನನಗೆ ಓದೋಕೆ ಬರಲಿಲ್ಲ. ಆದರೆ ಗೈಡ್ ಬೆರಳಿಟ್ಟು ತೋರಿಸಿದ ಮೇಲೆ ಒಂದು ಅಕ್ಷರ ಮಾತ್ರ ಗುರುತು ಸಿಕ್ತು: ಮ. ನೀವೂ ಹೋದರೆ ಮೊದಲು ಕೆಳಗೆ ನೋಡಿ. ವಾಪಸ್ ಬಸ್‌ನಲ್ಲಿ ನಾನು ಮಾಡಿದ ಮೊದಲ ಕೆಲಸ ಪ್ರಾಜೆಕ್ಟ್ ಬರೆದವನಿಗೆ ಮೆಸೇಜ್ ಮಾಡಿದ್ದು. ಈ ಸೆಮ್‌ನಲ್ಲಿ ಅರ್ಧ ಕೋಡ್ ನಂದು.