ಕುದುರೆಯ ಮೇಲಿನ ನೂಲು

“ತಡೀರಿ, ಇನ್ನಾ ಜವಾರಿ ಕುಂತಿಲ್ಲ.”

ನಮ್ಮ ರೋಣದ ಕಡೆ ಮನೆ ಬೈಠಕ್ ಶುರುವಾಗುವುದೇ ಈ ಮಾತಿನಿಂದ. ಚಹಾ ಬಂದು ಹೋಗಿರುತ್ತದೆ, ತಬಲಾದವರು ಸುತ್ತಿಗೆ ಕೆಳಗಿಟ್ಟಿರುತ್ತಾರೆ. ತಂಬೂರಿ ಹಿಡಿದವರು ಮಾತ್ರ ಬುರುಡೆಯತ್ತ ಕಿವಿ ಬಾಗಿಸಿ, ತಂತಿಗಳನ್ನು ಹೊರುವ ‘ಕುದುರೆ’ ಎಂಬ ಪಟ್ಟಿಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲನ್ನು ಉಗುರಿನಿಂದ ಒಂದು ಕೂದಲೆಳೆಯಷ್ಟು ಹಿಂದೆ, ಅರ್ಧ ಕೂದಲೆಳೆಯಷ್ಟು ಮುಂದೆ ಸರಿಸುತ್ತ ಕೂತಿರುತ್ತಾರೆ. ಅಲ್ಲಿಯವರೆಗೆ ‘ಟಣ್’ ಎನ್ನುತ್ತಿದ್ದ ತಂತಿ ಒಂದು ಘಳಿಗೆಗೆ ತಟ್ಟನೆ ಅರಳಿ ಝೇಂಕರಿಸುತ್ತದೆ. ಖರಜದ, ಅಂದರೆ ಮಂದ್ರ ಷಡ್ಜದ ತಂತಿಯೊಳಗಿಂದ, ಯಾರೂ ಕೂಡಿಸದ ಗಾಂಧಾರವೊಂದು ತಾನಾಗಿ ಎದ್ದು ಬರುತ್ತದೆ.

ನಮ್ಮಲ್ಲಿ ಜವಾರಿ ಎಂದರೆ ಜವಾರಿ ಜೋಳ, ಜವಾರಿ ಕೋಳಿ. ತಂಬೂರಿಯ ಜವಾರಿ ಬೇರೆ, ನೂಲು ಸರಿಯಾಗಿ ಕೂತಾಗ ಏಳುವ ಆ ಝೇಂಕಾರ. ಆ ಪದ ‘ಜೀವ’ಕ್ಕೆ ನೆಂಟ ಎನ್ನುತ್ತಾರೆ ಬಲ್ಲವರು. ದಕ್ಷಿಣಾದಿ ಹಾಡುವವರ ಬಾಯಲ್ಲಿ ಆ ನೂಲಿನ ಹೆಸರೇ ಜೀವಾಳಿ. ನರಗುಂದದ ಎರೆಹೊಲದಲ್ಲಿ ಹತ್ತಿ ಬೆಳೆಯುತ್ತದೆ, ಗಜೇಂದ್ರಗಡದಲ್ಲಿ ಮಗ್ಗಗಳಿವೆ. ನೂಲಿಗೆ ಬರವಿಲ್ಲದ ಸೀಮೆ ನಮ್ಮದು, ಬೇಕಾದದ್ದು ಗೇಣುದ್ದದ ಒಂದೆಳೆ.

ಯುರೋಪಿನವರಿಗೂ ಮನೆ ಬೈಠಕ್ ಉಂಟು. ಆದರೆ ಅಲ್ಲಿ ಮೊದಲಿಗೊಮ್ಮೆ ಶ್ರುತಿ ಕೂಡಿಸಿಕೊಂಡರೆ ಮುಗಿಯಿತು, ಆಮೇಲೆ ಶ್ರುತಿ ನುಡಿಸುತ್ತ ಕೂರುವವರಿಲ್ಲ. ನಮ್ಮಲ್ಲಿ ಹಾಡು ಮುಗಿಯುವ ತನಕ ಅದು ಹಾಡುವವರ ಬೆನ್ನ ಹಿಂದೆಯೇ ಇರಬೇಕು. ರೋಣದಲ್ಲಿ 1922ರ ಫೆಬ್ರವರಿ 4ರಂದು ಹುಟ್ಟಿದ ಭೀಮಸೇನ ಜೋಶಿಯವರ ಯಾವುದೇ ಧ್ವನಿಮುದ್ರಿಕೆ ಹಾಕಿ, ದನಿಗಿಂತ ಮೊದಲು ಕೇಳುವುದು ತಂಬೂರಿ.

ಈ ನೂಲಿನ ಗುಟ್ಟಿಗೆ ಕೈಹಾಕಿದವರು ಭೀಮಸೇನರು ಇನ್ನೂ ಹುಟ್ಟುವ ಮುಂಚೆ, ದೂರದ ಕಲ್ಕತ್ತೆಯಲ್ಲಿದ್ದರು. ಸಿ.ವಿ. ರಾಮನ್. ತಂದೆ ಪಿಟೀಲು ನುಡಿಸುವವರು, ಹೆಂಡತಿ ಲೋಕಸುಂದರಿ ವೀಣೆ ಬಲ್ಲವರು. ಸರಕಾರದ ಲೆಕ್ಕಪತ್ರದ ನೌಕರಿ ಮುಗಿಸಿ ಸಂಜೆ ಬೌಬಜಾರ್ ಬೀದಿಯ ಪ್ರಯೋಗಶಾಲೆಗೆ ಹೋಗುತ್ತಿದ್ದ ರಾಮನ್, 1917ರಲ್ಲಿ ಆ ನೌಕರಿಯನ್ನೇ ಬಿಟ್ಟು ಪ್ರಾಧ್ಯಾಪಕರಾದರು. ಕಮಾನಿನಿಂದ ಉಜ್ಜಿದ ತಂತಿ ಹೇಗೆ ಅಲುಗುತ್ತದೆ ಎಂಬುದರ ಮೇಲೆ 1918ರಲ್ಲಿ ಒಂದು ದೊಡ್ಡ ಪ್ರಬಂಧ ಬರೆದರು. ಆಮೇಲೆ ತಂಬೂರಿ.

ತಂತಿಯ ವಿಚಾರದಲ್ಲಿ ಆಗ ನಡೆಯುತ್ತಿದ್ದುದು ಇಂಗ್ಲೆಂಡಿನ ಥಾಮಸ್ ಯಂಗ್ ಹೇಳಿದ್ದ ನಿಯಮ. ತಂತಿ ಒಂದೇ ಸ್ವರ ಹೊರಡಿಸುವುದಿಲ್ಲ, ಮೂಲಸ್ವರದ ಜೊತೆಗೆ ಉಪಸ್ವರಗಳ ಹಿಂಡೇ ಇರುತ್ತದೆ. ಪ್ರತಿ ಉಪಸ್ವರಕ್ಕೂ ತಂತಿಯ ಮೇಲೆ ಅಲುಗದ ಜಾಗಗಳಿವೆ. ಅಂಥ ಜಾಗದಲ್ಲೇ ಮೀಟಿದರೆ ಆ ಉಪಸ್ವರ ಹುಟ್ಟಲೇಬಾರದು. ಸರಿಯಾಗಿ ನಡುವೆ ಮೀಟಿದಿರೋ, ತಾರಸ್ಥಾಯಿಯ ಷಡ್ಜ ಕೇಳಿಸಕೂಡದು.

ರಾಮನ್ ಮಾಡಿ ನೋಡಿದ್ದು ಎಷ್ಟು ಸರಳವೆಂದರೆ, ಮನೆಯಲ್ಲಿ ತಂಬೂರಿ ಇದ್ದವರು ಇವತ್ತು ರಾತ್ರಿಯೇ ಮಾಡಬಹುದು. ತಂತಿಯನ್ನು ನಟ್ಟನಡುವೆ ಮೀಟಿ, ಮರುಕ್ಷಣ ಅದೇ ಜಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ನಡುವೆ ಅಲುಗುವ ಸ್ವರಗಳೆಲ್ಲ ಬೆರಳಿಗೆ ಸಿಕ್ಕಿ ಸತ್ತವು. ನಡುವೆ ಅಲುಗದ ಸ್ವರಗಳು ನಿಯಮದ ಪ್ರಕಾರ ಹುಟ್ಟಿಯೇ ಇಲ್ಲ. ಅಂದಮೇಲೆ ಸದ್ದಡಗಬೇಕು. ಆದರೆ ಜವಾರಿ ಕೂತ ತಂಬೂರಿ ಬೆರಳಿಟ್ಟ ಮೇಲೂ ಹಾಡುತ್ತಲೇ ಇರುತ್ತದೆ, ಹುಟ್ಟಬಾರದಿದ್ದ ಸ್ವರದಲ್ಲೇ!

ಕಾರಣ ಕುದುರೆಯಲ್ಲಿತ್ತು. ಪಿಟೀಲಿನ ಕುದುರೆ ಚೂಪು, ತಂತಿ ಅದರ ಅಂಚಿಗೆ ಆತು ನಿಲ್ಲುತ್ತದೆ. ತಂಬೂರಿಯದು ಅಗಲ, ನೆತ್ತಿ ಚೂರೇ ಚೂರು ಉಬ್ಬು. ನೂಲು ತಂತಿಯನ್ನು ಆ ಉಬ್ಬಿನಿಂದ ತುಸುವೇ ಎತ್ತಿ ಹಿಡಿಯುತ್ತದೆ. ಅಲುಗುವ ತಂತಿ ಪ್ರತಿ ಸಲ ಇಳಿದಾಗಲೂ ಆ ಉಬ್ಬನ್ನು ಸವರಿ ಏಳುತ್ತದೆ, ಪ್ರತಿ ಸವರಿಕೆಯೂ ತಂತಿಗೆ ಬೀಳುವ ಒಂದು ಪುಟ್ಟ ಪೆಟ್ಟು. ಬೆರಳು ಒಮ್ಮೆ ಮೀಟಿ ಸುಮ್ಮನಾದ ಮೇಲೂ ಕುದುರೆ ಮೀಟುತ್ತಲೇ ಇರುತ್ತದೆ. ಯಂಗ್‌ನ ನಿಯಮ ತಪ್ಪಲ್ಲ, ಅದು ಚೂಪು ಕುದುರೆಯ ವಾದ್ಯಗಳಿಗೆ ಸಾಕು. ವೀಣೆಯಲ್ಲೂ ಇದೇ ಕತೆ, ನೂಲಿನ ಹಂಗಿಲ್ಲದೆ. ಇದನ್ನೆಲ್ಲ ರಾಮನ್ 1921ರಲ್ಲಿ ಪ್ರಕಟಿಸಿದರು. ಜಗತ್ತು ಅವರನ್ನು ನೆನೆಯುವುದು ಬೆಳಕಿನ ಚದುರಿಕೆಗೆ, 1930ರ ನೊಬೆಲ್ಲಿಗೆ. ನನ್ನಂಥವನಿಗೆ ಈ ಕೆಲಸವೇ ಹೆಚ್ಚು ಆಪ್ತ.

ನೂಲಿನ ಜಾಗವನ್ನು ಅಳತೆಪಟ್ಟಿ ಹಿಡಿದು ಗೊತ್ತುಮಾಡುವವರು ಇವತ್ತಿಗೂ ಇಲ್ಲ. ಮೊನ್ನೆಯ ಬೈಠಕ್ಕಿನಲ್ಲಿ ಜೋಡಿ ತಂತಿಯೊಂದರ ನೂಲು ಹಾಡಿನ ನಡುವೆಯೇ ಹರಿಯಿತು. ತಂಬೂರಿಯವರು ಶ್ರುತಿ ಬಿಡದೆ, ಎಡಗೈಯಿಂದ ತಮ್ಮ ಧೋತರದ ಅಂಚಿನ ಒಂದೆಳೆ ಕಿತ್ತು, ಬಾಯಲ್ಲಿ ಒದ್ದೆಮಾಡಿ ತಂತಿಯಡಿ ಸೇರಿಸಿದರು. ಹಾಡುವವರು ತಿರುಗಿ ನೋಡಲಿಲ್ಲ.