ಗರ್ಭಿಣಿಯ ಕರುಳೇಕೆ ಮಂದವಾಗುತ್ತದೆ?

ಗರ್ಭಿಣಿಯ ವಾಂತಿಯನ್ನೂ ಬಯಕೆಯನ್ನೂ ಕುರಿತು ಮನೆಮಂದಿಯೆಲ್ಲ ಮಾತನಾಡುತ್ತಾರೆ. ಮಲಬದ್ಧತೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳರು. ಈ ಸಂಕೋಚ ಅನಾವಶ್ಯಕವಷ್ಟೇ ಅಲ್ಲ, ಕೆಲವು ವೇಳೆ ಅಪಾಯಕರವೂ ಹೌದು.

ನಾವು ಉಂಡ ಆಹಾರವು ಕರುಳಿನಲ್ಲಿ ತಾನಾಗಿ ಜಾರಿಹೋಗುವುದಿಲ್ಲ. ಕರುಳಿನ ಗೋಡೆಯಲ್ಲಿರುವ ನಯಸ್ನಾಯುಗಳು ಅಲೆಅಲೆಯಾಗಿ ಕುಗ್ಗಿ ಹಿಗ್ಗಿ ಅದನ್ನು ಮುಂದೆ ತಳ್ಳುತ್ತವೆ. ಗರ್ಭಕೋಶದ ಗೋಡೆಯೂ ಇದೇ ಜಾತಿಯ ಸ್ನಾಯುವಿನಿಂದಾದುದು. ಮಗು ಬೆಳೆಯುವವರೆಗೆ ಅದು ಬಲವಾಗಿ ಕುಗ್ಗಬಾರದು. ಇದಕ್ಕಾಗಿ ಮೊದಲು ಅಂಡಾಶಯವೂ ಅನಂತರ ಮಾಸುವೂ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಧಾರಾಳವಾಗಿ ಸ್ರವಿಸುತ್ತವೆ. ಆದರೆ ಹಾರ್ಮೋನು ರಕ್ತದಲ್ಲಿ ಹರಿಯುವ ವಸ್ತು. ಗರ್ಭಕೋಶಕ್ಕೆ ಹೇಳಿದ ಮಾತು ಕರುಳಿಗೂ ಕೇಳಿಸುತ್ತದೆ. ಕರುಳೂ ಸಡಿಲಗೊಂಡು, ಮಲವು ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಿಂತಷ್ಟೂ ಅದರ ನೀರು ರಕ್ತಕ್ಕೆ ಸೇರಿ ಅದು ಗಟ್ಟಿಯಾಗುತ್ತದೆ.

ಇದರ ಮೇಲೆ ಕಬ್ಬಿಣದ ಮಾತ್ರೆ. ನಮ್ಮ ದೇಶದ ರಕ್ತಹೀನತಾ ನಿವಾರಣೆಯ ಕಾರ್ಯಕ್ರಮದಂತೆ ಗರ್ಭಿಣಿಯು ಮೊದಲ ಮೂರು ತಿಂಗಳು ಕಳೆದ ಮೇಲೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ ಹಾಗೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಮಾತ್ರೆಯನ್ನು ಕನಿಷ್ಠ 180 ದಿನ ನುಂಗಬೇಕು. ದೇಹ ಹೀರುವುದು ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ. ಉಳಿದುದು ಮಲವನ್ನು ಕಪ್ಪಾಗಿಸುತ್ತದೆ. ಹಲವರಲ್ಲಿ ಮಲಬದ್ಧತೆಯನ್ನು ಹೆಚ್ಚಿಸುತ್ತದೆ. ಬೇಸತ್ತ ಗರ್ಭಿಣಿ ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾಳೆ. ನಿಜವಾದ ಗಂಡಾಂತರ ಇಲ್ಲಿದೆ. ರಕ್ತಹೀನಳಾದ ತಾಯಿಗೆ ಹೆರಿಗೆಯ ರಕ್ತಸ್ರಾವವು ಪ್ರಾಣಕ್ಕೇ ಎರವಾಗಬಹುದು. ಮಾತ್ರೆ ಒಗ್ಗದಿದ್ದರೆ ವೈದ್ಯರಿಗೆ ತಿಳಿಸಬೇಕು. ಬೇರೆ ಬಗೆಯ ಕಬ್ಬಿಣದ ಔಷಧಗಳೂ ಉಂಟು.

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಇಂದು ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಸಾವಿರಾರು ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗುತ್ತಾರೆ. ಅವರಲ್ಲೊಬ್ಬಳು ಗರ್ಭಿಣಿಯೆಂದು ಭಾವಿಸೋಣ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳಿನಲ್ಲಿ ಬಲವಾದ ಚಲನೆ ಏಳುವುದುಂಟು. ಮಲವಿಸರ್ಜನೆಗೆ ಬೆಳಗಿನ ಉಪಾಹಾರದ ಅನಂತರದ ವೇಳೆಯೇ ಪ್ರಶಸ್ತ. ಆಕೆಗೆ ಆ ವೇಳೆ ಕಳೆಯುವುದು ತುಂಬಿದ ಗಾಡಿಯಲ್ಲಿ. ಬಂದ ಒತ್ತಡವನ್ನು ತಡೆದು ತಡೆದು ಕರುಳು ಕರೆಯುವುದನ್ನೇ ಮರೆಯುತ್ತದೆ. ದಾರಿಯಲ್ಲಿ ಶೌಚಕ್ಕೆ ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ಇದು ಆಕೆಯ ತಪ್ಪೆನ್ನಲು ನಮಗೆ ಬಾಯಿ ಬಾರದು.

ಆಹಾರದ ವಿಷಯದಲ್ಲಿ ಈ ಸೀಮೆ ಭಾಗ್ಯಶಾಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ಮುದ್ದೆ, ಅವರೆಕಾಳಿನ ಸಾರು, ಮಸ್ಸೊಪ್ಪು ಇವುಗಳ ನಾರು ಜೀರ್ಣವಾಗದೆ ಉಳಿದು, ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೃದುವಾಗಿಸುತ್ತದೆ. ನೀರೇ ಕುಡಿಯದವರಿಗೆ ನಾರಿನಿಂದ ಪ್ರಯೋಜನ ಕಡಿಮೆ. (ಬಂಗಾರಪೇಟೆಯ ಹೆಸರಾಂತ ಪಾನಿಪುರಿಯ ನೀರನ್ನು ಈ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ!) ದಿನವೂ ಸ್ವಲ್ಪ ನಡೆದಾಡುವುದೂ ಒಳ್ಳೆಯದು.

ಆದರೆ ರಾಗಿಹೊಲದ ಅಂಚಿನಲ್ಲೇ ಬೆಳೆಯುವ ಹರಳಿನ ಎಣ್ಣೆಯ ಗೊಡವೆ ಗರ್ಭಿಣಿಗೆ ಬೇಡ. ಹರಳೆಣ್ಣೆಯಿಂದ ಕರುಳಿನಲ್ಲಿ ರಿಸಿನೋಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಈ ಆಮ್ಲವು ಇಪಿ3 ಎಂಬ ಗ್ರಾಹಕವನ್ನು ಕೆರಳಿಸಿ ಕರುಳನ್ನು ಕುಗ್ಗಿಸುವುದೆಂದೂ, ಅದೇ ಗ್ರಾಹಕ ಗರ್ಭಕೋಶದ ಸ್ನಾಯುವಿನಲ್ಲಿಯೂ ಇರುವುದೆಂದೂ ಜರ್ಮನಿಯ ವಿಜ್ಞಾನಿಗಳು 2012ರಲ್ಲಿ ಇಲಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಭೇದಿಗೆಂದು ಕುಡಿದ ಎಣ್ಣೆ ಅಕಾಲದಲ್ಲಿ ಗರ್ಭಕೋಶವನ್ನು ಕೆರಳಿಸೀತು. ವೈದ್ಯರು ಸಾಮಾನ್ಯವಾಗಿ ಸೂಚಿಸುವ ಇಸಬ್‌ಗೋಲ್, ಲ್ಯಾಕ್ಟುಲೋಸ್ ಪಾನಕಗಳು ಸ್ನಾಯುವನ್ನು ಹೀಗೆ ಕೆಣಕುವುದಿಲ್ಲ. ಅವು ಮಲದಲ್ಲಿ ನೀರನ್ನು ಉಳಿಸುತ್ತವೆ, ಅಷ್ಟೆ. ಮಲದೊಡನೆ ರಕ್ತ ಬಂದರೆ, ಹೊಟ್ಟೆನೋವು ಬಿಡದಿದ್ದರೆ, ವಾಯುವೂ ಹೋಗದೆ ವಾಂತಿಯಾಗುತ್ತಿದ್ದರೆ ಮನೆಮದ್ದನ್ನು ನೆಚ್ಚದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.