ಮಗಳ ಹೆಸರಿಗೆ ಬರುವ ರೊಕ್ಕ

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆ ಒಣಗುತ್ತಿರುತ್ತವೆ. ಕೆಳಗೆ ಪಡಸಾಲೆಯಲ್ಲಿ ಪರೀಕ್ಷೆಯ ಫಲಿತಾಂಶದ ಮಾತು ನಡೆದಿರುತ್ತದೆ. ಮಗಳು ಪಿಯುಸಿ ಪಾಸಾಗಿದ್ದಾಳೆ, ಅಂಕವೂ ಚೆನ್ನಾಗಿದೆ. ನರ್ಸಿಂಗ್ ಓದುತ್ತೇನೆ ಎನ್ನುತ್ತಾಳೆ, ಇಲ್ಲವೇ ಇಂಜಿನಿಯರಿಂಗ್. ಅಷ್ಟರಲ್ಲಿ ಯಾರೋ ಹಿರಿಯರು "ಅದು ಖಾಸಗಿ ಕಾಲೇಜಲ್ಲೇನವಾ?" ಎಂದುಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು! ಮುಂದಿನ ಮಾತು ವರನದು.

ಮೂಡಲಗಿ ತಾಲೂಕಿನ ಮಸಗುಪ್ಪಿಯಂಥ ಊರನ್ನೇ ನೋಡಿ. ಡಿಗ್ರಿ, ನರ್ಸಿಂಗ್, ಇಂಜಿನಿಯರಿಂಗ್ ಎಂದರೆ ಹುಡುಗಿ ಮೂಡಲಗಿಗೋ ಗೋಕಾಕಕ್ಕೋ, ಘಟಪ್ರಭಾಕ್ಕೋ, ಹುಕ್ಕೇರಿ ತಾಲೂಕಿನ ನಿಡಸೋಸಿಗೋ, ಇಲ್ಲವೇ ಬೆಳಗಾವಿಗೋ ಬಸ್ಸು ಹತ್ತಬೇಕು. ಆ ಊರುಗಳ ಕಾಲೇಜುಗಳಲ್ಲಿ ಎಷ್ಟೋ ಸರ್ಕಾರದವಲ್ಲ. ಮಠಗಳು, ಟ್ರಸ್ಟುಗಳು, ಶಿಕ್ಷಣ ಸಂಸ್ಥೆಗಳು ಕಟ್ಟಿದವು. ಇದೇನು ಹೊಸದೂ ಅಲ್ಲ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು 1916ರಲ್ಲಿ, ನಮ್ಮ ಜಿಲ್ಲೆ ಇನ್ನೂ ಮುಂಬೈ ಪ್ರಾಂತದಲ್ಲಿದ್ದಾಗ. ನಿಡಸೋಸಿಯ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1996ರಲ್ಲಿ. ಖಾಸಗಿ ಬೇಡವೆಂದರೆ ನಮ್ಮ ಭಾಗದಲ್ಲಿ ಓದೇ ಬೇಡವೆಂದ ಹಾಗೆ ಆಗುತ್ತದೆ, ಅಲ್ಲವೇ?

"ಸರ್ಕಾರದ ಸ್ಕಾಲರ್‌ಶಿಪ್ ಸರ್ಕಾರಿ ಕಾಲೇಜಿನವರಿಗಷ್ಟ ಅಲ್ರೀ ಅಕ್ಕಾರ?" ಎಂದು ಬಹಳ ತಾಯಂದಿರು ಕೇಳುತ್ತಾರೆ. ಅಲ್ಲ, ಸೋದರಿಯರೇ. ಸಹಾಯಧನ ಕಾಲೇಜಿನ ಗೋಡೆಗೆ ಸೇರಿದ್ದಲ್ಲ, ವಿದ್ಯಾರ್ಥಿಗೆ ಸೇರಿದ್ದು. ಮಾನ್ಯತೆ ಪಡೆದ ಖಾಸಗಿ ಕಾಲೇಜಿನಲ್ಲಿ ಓದುವ ಮಗಳಿಗೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ಶುಲ್ಕ ವಿನಾಯಿತಿ ಇದೆ. ಆದರೆ ಅವಳು ಯಾವ ಸೀಟಿನಲ್ಲಿ ಕುಳಿತಿದ್ದಾಳೆ ಎಂಬುದೇ ಮುಖ್ಯ. ಇದನ್ನು ತಿಳಿಯದೆ ಎಷ್ಟು ಮನೆಗಳು ಮೋಸಹೋಗಿವೆಯೋ!

ಇದರ ಹಿಂದೆ ಒಬ್ಬ ಹುಡುಗಿಯ ಕತೆಯೇ ಇದೆ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ 1991ರಲ್ಲಿ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದಳು. ಆಗ ನಮ್ಮ ರಾಜ್ಯದಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರಗಿನವರಿಗೆ 60,000 ಎಂದು ಸರ್ಕಾರವೇ ಮಿತಿ ಇಟ್ಟಿತ್ತು. ಒಂದೇ ಬೆಂಚು, ಒಂದೇ ಪಾಠ, ಮೂರು ದರ! ಅವಳ ತಂದೆಗೆ ಅಷ್ಟು ಹಣ ಹೊಂದಿಸಲು ಆಗಲಿಲ್ಲ. ಮೋಹಿನಿ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಜುಲೈ 30ರಂದು ಬಂದ ತೀರ್ಪು, ಶಿಕ್ಷಣ ಪ್ರಜೆಯ ಹಕ್ಕು, ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂದಿತು. ಆದರೆ ಅವಳಿಗೆ ಆ ಸೀಟು ಸಿಗಲಿಲ್ಲ. ತರಗತಿಗಳು ಶುರುವಾಗಿ ಬಹಳ ದಿನವಾಗಿತ್ತು, ಅಂಕದ ಸಾಲಿನಲ್ಲಿ ಬಂದ ಪ್ರವೇಶವೂ ಅದಾಗಿರಲಿಲ್ಲ ಎಂದರು ನ್ಯಾಯಮೂರ್ತಿಗಳು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಖಾಸಗಿ ವೃತ್ತಿ ಕಾಲೇಜುಗಳ ಅರ್ಧ ಸೀಟನ್ನು ಸರ್ಕಾರಿ ದರಕ್ಕೆ ಕೊಡಬೇಕೆಂದಿತು. 1994ರಲ್ಲಿ ನಮ್ಮಲ್ಲಿ ಸಿಇಟಿ ಬಂತು. 2002ರ ಟಿ.ಎಂ.ಎ. ಪೈ ತೀರ್ಪಿನಿಂದ ಆ ಅರ್ಧದ ಲೆಕ್ಕ ಬದಲಾಯಿತಾದರೂ ಸರ್ಕಾರಿ ಕೋಟಾ ಬೇರೆ, ಮ್ಯಾನೇಜ್‌ಮೆಂಟ್ ಕೋಟಾ ಬೇರೆ ಎಂಬ ಪಂಕ್ತಿಭೇದ ಮಾತ್ರ ಉಳಿದಿದೆ.

ಈಗ ನಮ್ಮ ಮನೆಗೆ ಬರೋಣ. ಸಿಇಟಿ ಬರೆದು, ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಕೋಟಾದ ಸೀಟು ಪಡೆದು ಖಾಸಗಿ ಕಾಲೇಜಿಗೆ ಸೇರಿದರೆ ಸಹಾಯಧನದ ಬಾಗಿಲು ತೆರೆದಿರುತ್ತದೆ. ಏಜೆಂಟನೊಬ್ಬ ಮನೆಗೇ ಬಂದು "ನೀವೇನ ಚಿಂತಿ ಮಾಡಬ್ಯಾಡ್ರಿ, ಮ್ಯಾನೇಜ್‌ಮೆಂಟ್ ಸೀಟ್ ಕೊಡಸ್ತೀನಿ, ಸ್ಕಾಲರ್‌ಶಿಪ್ ಆಮ್ಯಾಲ ತಾನ ಬರ್ತದ" ಎಂದರೆ ನಂಬಬೇಡಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನದ ನಿಯಮವೇ ಹೇಳುತ್ತದೆ, ಮೆರಿಟ್ ನೋಡದೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಇದು ಸಲ್ಲದು ಎಂದು. ಬಿ.ಎಸ್ಸಿ. ನರ್ಸಿಂಗ್ ಸೀಟುಗಳೂ 2023ರಿಂದ ಸಿಇಟಿಯ ದಾರಿಗೆ ಬಂದಿವೆ. ಆದ್ದರಿಂದ ಏಜೆಂಟನಿಗೆ ಚಹಾ ಕೊಟ್ಟು ಕಳಿಸಿ, ಮುಂಗಡ ಕೊಡಬೇಡಿ. ಇಂಜಿನಿಯರಿಂಗ್‌ಗೆ ಹೋಗುವ ಬಡಮನೆಯ ಮಕ್ಕಳಿಗೆ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ: ಕಾಲೇಜಿನ ಸೀಟುಗಳ ಮೇಲೆ ಶೇಕಡಾ 5ರಷ್ಟು ಹೆಚ್ಚಿಗೆ, ಬೋಧನಾ ಶುಲ್ಕ ಮಾಫಿ. ಕೌನ್ಸೆಲಿಂಗ್ ಹೊತ್ತಿಗೆ ಆದಾಯ ಪತ್ರ ಇಲ್ಲದಿದ್ದರೆ ಅದೂ ಕೈತಪ್ಪುತ್ತದೆ.

ಡಿಗ್ರಿ ಕಾಲೇಜಿಗೆ ಸೇರಿಸುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಈ ಕೋರ್ಸು ಅನುದಾನಿತವೋ, ಅನುದಾನರಹಿತವೋ? ಅನುದಾನಿತವಾದರೆ ಉಪನ್ಯಾಸಕರ ಸಂಬಳವನ್ನು ಸರ್ಕಾರ ಕೊಡುವುದರಿಂದ ಶುಲ್ಕ ಕಡಿಮೆ. ಒಂದೇ ಕಾಲೇಜಿನ ಒಂದೇ ಕಟ್ಟಡದಲ್ಲಿ ಬಿ.ಎ. ಅನುದಾನಿತವಾಗಿದ್ದು, ಪಕ್ಕದ ಕೋಣೆಯ ಹೊಸ ಕೋರ್ಸು ಹಾಗಿರದೇ ಇರಬಹುದು. ಕಾಲೇಜಿನ ಹೆಸರು ಕೇಳಿ ಸುಮ್ಮನಾಗಬೇಡಿ, ಕೋರ್ಸಿನ ಹೆಸರು ಹಿಡಿದು ಕೇಳಿ.

ಇನ್ನು ಕಾಗದಪತ್ರ. ಇದು ಗಂಡಸರ ಕೆಲಸವೆಂದು ಬಿಟ್ಟರೆ ಕೆಟ್ಟಿತು. ಕಬ್ಬು ಕಡಿಯುವ ಹಂಗಾಮಿನಲ್ಲಿ ಅವರಿಗೆ ಊಟಕ್ಕೇ ಹೊತ್ತಿರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಬೇಕು. ಅದರ ಮೇಲೆ ಇರುವ ಆರ್‌ಡಿ ಸಂಖ್ಯೆಯೇ ಅರ್ಜಿಯ ಜೀವ. ಆದಾಯ ಪತ್ರ 5 ವರ್ಷಕ್ಕೆ ಹಳೆಯದಾಗುತ್ತದೆ. ಹಿರಿಯ ಮಗನಿಗೆ ಮಾಡಿಸಿದ್ದು ಟ್ರಂಕಿನಲ್ಲಿದೆ ಎಂದು ನೆಮ್ಮದಿಯಿಂದ ಇರಬೇಡಿ, ತೆಗೆದು ತಾರೀಖು ನೋಡಿ. ಆದಾಯದ ಮಿತಿ ಎಲ್ಲರಿಗೂ ಒಂದೇ ಅಲ್ಲ, ವರ್ಗಕ್ಕೆ ತಕ್ಕಂತೆ ಬೇರೆ. ಆ ವರ್ಷದ ಸುತ್ತೋಲೆಯನ್ನು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿಕೊಳ್ಳಿ.

ಹೆಸರಿನ ಗೋಳು ನಮ್ಮ ಕಡೆ ದೊಡ್ಡದು. ಶಾಲೆಯಲ್ಲಿ ಲಕ್ಷ್ಮೀ, ಆಧಾರಿನಲ್ಲಿ ಲಕ್ಷ್ಮವ್ವ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ! ಮನುಷ್ಯರಾದರೆ ಮುಖ ನೋಡಿ ಗುರುತು ಹಿಡಿಯುತ್ತಾರೆ, ಕಂಪ್ಯೂಟರಿಗೆ ಆ ಬುದ್ಧಿ ಇಲ್ಲ. ಅರ್ಜಿ ಹಾಕುವುದೆಲ್ಲ ಈಗ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನದ ತಾಣದಲ್ಲಿ. ಮಗಳ ಆಧಾರ್ ಜೊತೆ ತಂದೆ ತಾಯಿಯದೂ ಬೇಕು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇರುವಂತೆ ಆಧಾರಿನ ಹೆಸರನ್ನು ರಜೆಯಲ್ಲೇ ತಿದ್ದಿಸಿಡಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ, ಮೂಡಲಗಿ ಸೀಮೆಯ ಮನೆಗಳಿಗೆ ನುಗ್ಗಿದ್ದು ಮರೆತಿಲ್ಲ ತಾನೆ? ಮೂಲ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದ ಗೂಡಿನಲ್ಲಿಡಿ.

ಬ್ಯಾಂಕಿನದು ಮತ್ತೊಂದು ಕತೆ. "ಖಾತೆಗೆ ಆಧಾರ್ ಕೊಟ್ಟೀವ್ರಿ" ಎಂದರೆ ಸಾಲದು. ಸರ್ಕಾರದ ಹಣ ಜಮೆಯಾಗಲು ಆ ಖಾತೆಯೇ ಆಧಾರಿಗೆ ಜೋಡಣೆಯಾಗಿರಬೇಕು. ಮಗಳಿಗೆ ಎರಡು ಖಾತೆ ಇದ್ದರೆ ಹಣ ಹೋಗುವುದು ಕೊನೆಗೆ ಜೋಡಿಸಿದ ಖಾತೆಗೆ. ಸ್ಕಾಲರ್‌ಶಿಪ್ ಬರಲೇ ಇಲ್ಲವೆಂದು ಕಚೇರಿಗೆ ಅಲೆಯುತ್ತಿರುವಾಗ ಅದು ಯಾವಾಗಲೋ ತೆಗೆದ ಅಂಚೆ ಕಚೇರಿಯ ಖಾತೆಯಲ್ಲಿ ತಣ್ಣಗೆ ಕುಳಿತಿರುವುದುಂಟು. ಬ್ಯಾಂಕಿಗೆ ಹೋದಾಗ ಪಾಸ್‌ಬುಕ್ ಮುಂದೆ ಸರಿಸಿ "ಡಿಬಿಟಿ ಯಾವ ಖಾತೆಗೆ ಐತ್ರಿ?" ಎಂದು ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ನಾಚಿಕೆ ಏಕೆ?

ಇಷ್ಟೆಲ್ಲ ಆದರೂ ಹಣ ಬರುವುದು ತಡ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಾಲೇಜಿನವರು ಶುಲ್ಕ ಕೇಳುವುದು ಸೇರುವ ದಿನ, ಸರ್ಕಾರದ ಹಣ ಜಮೆಯಾಗುವುದು ತಿಂಗಳುಗಟ್ಟಲೆ ಆದ ಮೇಲೆ. ಸರ್ಕಾರ ಕೊಡುವುದೂ ತಾನು ಒಪ್ಪಿದ ಶುಲ್ಕವನ್ನು ಮಾತ್ರ. ಕಾಲೇಜಿನ ಬಸ್ಸು, ಸಮವಸ್ತ್ರ, ಅದು ಇದು ಎಂದು ಕೇಳುವುದೆಲ್ಲ ನಮ್ಮ ಮೈಮೇಲೆಯೇ. ಆದ್ದರಿಂದ ಮೊದಲ ಕಂತಿಗೆ ಬೇರೆ ದಾರಿ ಇರಲೇಬೇಕು. ಕಂತು ಮಾಡಿಕೊಡಿ ಎಂದು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೇಳಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಂತೂ ತಪ್ಪಿತು. ಅದೇ ವರ್ಷ ಬಂದ ಗೃಹಲಕ್ಷ್ಮಿಯ ಹಣದಲ್ಲಿ ಒಂದಿಷ್ಟನ್ನು ಮಗಳ ಓದಿಗೆಂದು ಬೇರೆ ಇಡುವ ತಾಯಂದಿರಿಗೆ ಜೂನ್ ತಿಂಗಳು ಅಷ್ಟು ಭಾರವಾಗದು.

ನಾನು ಹೇಳಲೇಬೇಕೆಂದು ಹೊರಟ ಮಾತು ಇನ್ನು ಮುಂದಿದೆ. ತಡವಾಗಿಯಾದರೂ ಹಣ ಬಂತು ಅನ್ನಿ. ಪರಿಶಿಷ್ಟ ಜಾತಿಯ ಮಕ್ಕಳ ವೇತನದಲ್ಲಿ ಕೇಂದ್ರದ ಪಾಲು ಈಗ ನೇರವಾಗಿ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಅದರಲ್ಲಿನ ಶುಲ್ಕವನ್ನು ಆಮೇಲೆ ಅವಳೇ ಕಾಲೇಜಿಗೆ ಕಟ್ಟಬೇಕು. ಆದರೆ ಮನೆಯಲ್ಲಿ ಏನಾಗುತ್ತದೆ? ಕಬ್ಬಿನ ಬಿಲ್ಲು ಬಂದಿಲ್ಲ, ಗೊಬ್ಬರದ ಅಂಗಡಿಯ ಬಾಕಿ ಇದೆ, ಕಾಕಾನ ಮಗಳ ಮದುವೆಗೆ ಉಡುಗೊರೆ ಒಯ್ಯಬೇಕು. "ಸದ್ಯಕ್ಕ ಇದನ್ನ ತಗೊಳ್ಳೂಣು, ಬಿಲ್ ಬಂದಮ್ಯಾಲ ಕಟ್ಟಿದ್ರಾತು" ಎನ್ನುತ್ತಾರೆ. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಪರೀಕ್ಷೆಯ ಹೊತ್ತಿಗೆ ಕಾಲೇಜಿನಲ್ಲಿ ಬಾಕಿ ಎಂದು ಹೆಸರು ಕರೆಯುವಾಗ ತಲೆ ತಗ್ಗಿಸಿ ನಿಲ್ಲುವವಳು ಮಗಳು. ಆ ಪಾಸ್‌ಬುಕ್ ನಿಮ್ಮ ಬೀರುವಿನಲ್ಲಿರಲಿ, ತಾಯಂದಿರೇ. ಬಂಗಾರವನ್ನು ಹೇಗೆ ಕಾಯುತ್ತೀರೋ ಹಾಗೆ ಕಾಯಿರಿ. ಹಣ ಜಮೆಯಾದ ವಾರದಲ್ಲೇ ಮಗಳನ್ನು ಕರೆದುಕೊಂಡು ಹೋಗಿ ಕಟ್ಟಿಬಿಡಿ. ಯಜಮಾನರು ಮುಖ ಗಂಟಿಕ್ಕಿದರೆ ಎರಡು ದಿನ ಗಂಟಿಕ್ಕಲಿ!

ಇದು ಭಿಕ್ಷೆಯೆಂದು ಸಂಕೋಚಪಡುವವರೂ ಇದ್ದಾರೆ. ಬಾಬಾಸಾಹೇಬ ಅಂಬೇಡ್ಕರರು 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ. ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಈ ಮೆಟ್ರಿಕ್ ನಂತರದ ವೇತನ ಶುರುವಾಯಿತು. ಸಂಕೋಚಕ್ಕೆ ಎಡೆಯೆಲ್ಲಿದೆ?

ಬೇರೆ ಸಹಾಯಗಳೂ ಇವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆಂದು 2013-14ರಲ್ಲಿ ವಿದ್ಯಾಸಿರಿ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ರೈತರ ಮಕ್ಕಳಿಗೆ 2021ರಲ್ಲಿ ಘೋಷಿಸಿದ ರೈತ ವಿದ್ಯಾನಿಧಿಯಲ್ಲಿ ಡಿಗ್ರಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500. ನರ್ಸಿಂಗ್‌ಗೆ 7,500 ಮತ್ತು 8,000. ಇಂಜಿನಿಯರಿಂಗ್‌ಗೆ 10,000 ಮತ್ತು 11,000 ಎಂದಿತ್ತು. ಹೆಣ್ಣಿಗೆ ಒಂದು ಹಿಡಿ ಹೆಚ್ಚು ಬಡಿಸಿದ್ದು ನನಗಂತೂ ಸಮಾಧಾನ. ಇದಕ್ಕೆ ಫ್ರೂಟ್ಸ್ ಸಂಖ್ಯೆ ಬೇಕಿತ್ತು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿಯೇ ಇರುವ ಮನೆಗಳಿಗೆ ಅಲ್ಲಿಯೇ ತೊಡಕು. ಅಲ್ಪಸಂಖ್ಯಾತರ ನಿಗಮದ ಅರಿವು ಯೋಜನೆ ಶೇಕಡಾ 2ರ ದರದ ಸಾಲ, ತೀರಿಸಬೇಕಾದದ್ದು. ಗೌಂಡಿ ಕೆಲಸಕ್ಕೆ ಹೋಗುವವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದರೆ ಅವರ ಮಕ್ಕಳಿಗೆ ಬೇರೆಯೇ ಸಹಾಯವಿದೆ. ಯಾವುದರ ಜೊತೆ ಯಾವುದು ಸಲ್ಲುತ್ತದೆ ಎಂಬುದನ್ನು ಕಚೇರಿಯಲ್ಲಿ ಕೇಳಿಯೇ ಅರ್ಜಿ ಹಾಕಿ.

ಅರ್ಜಿ ಹಾಕಿದ ಮೇಲೆ ಕಾಲೇಜಿನಲ್ಲಿ ಮೂಲ ಪತ್ರ ತೋರಿಸಿ ಇ-ದೃಢೀಕರಣ ಮಾಡಿಸಿಕೊಳ್ಳುವುದಿದೆ. ಅಷ್ಟು ಮಾಡಿಸದೆ ಬಿಟ್ಟ ಅರ್ಜಿ ಒಲೆಯ ಮೇಲೆ ಇಟ್ಟು ಬೆಂಕಿ ಹಚ್ಚದ ಪಾತ್ರೆಯಂತೆ. ಕೊನೆಯ ದಿನಾಂಕ ಮುಂದೆ ಹೋಗುತ್ತದೆಂದು ಕಾಯಬೇಡಿ. ಒಂದು ವರ್ಷ ಬಂದದ್ದು ಮರುವರ್ಷ ತಾನಾಗಿ ಬರುವುದಿಲ್ಲ, ಪ್ರತಿವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಅರ್ಜಿಯ ಸಂಖ್ಯೆ, ಗುಪ್ತಪದ, ಅದಕ್ಕೆ ಕೊಟ್ಟ ಮೊಬೈಲ್ ಯಾರದು ಎಂಬುದನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ. ಕ್ಯಾಲೆಂಡರ್ ಬದಲಿಸುವ ದಿನ ಹೊಸದಕ್ಕೆ ನಕಲು ಮಾಡಿಕೊಳ್ಳಿ.